ಎಳ್ಳಿನ ಹೆಸರಿನ ಬೆಳಕಿನ ಮನೆ

ಅಲಿಬಾಬನ ಕತೆಯಲ್ಲಿ ಗವಿಯ ಬಾಗಿಲು ತೆರೆಯುವುದು ಒಂದು ಧಾನ್ಯದ ಹೆಸರಿಗೆ. ‘ಖುಲ್ ಜಾ ಸಿಮ್ ಸಿಮ್’ ಎಂದು ಕೂಗಿ ಆಡಿದ ನಮ್ಮಲ್ಲಿ ಎಷ್ಟೋ ಮಂದಿಗೆ, ಅರಬ್ಬಿಯ ಆ ‘ಸಿಮ್‌ಸಿಮ್’ ಎಂದರೆ ಎಳ್ಳೆಂಬುದು ಆಗ ತಿಳಿದಿರಲಿಲ್ಲ. ಇಂಗ್ಲಿಷಿನಲ್ಲಿ ಅದೇ ‘ಸೆಸಮಿ’. ಜೋರ್ಡಾನಿನ ಅಲ್ಲಾನ್ ಎಂಬ ಊರಿನಲ್ಲಿ ಈ ಹೆಸರಿನದೊಂದು ಸಂಶೋಧನಾಲಯವಿದೆ. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿದರೆ ಹಾಗಾಗುತ್ತದೆ. ಹೆಸರಿಟ್ಟವರು ಕತೆಯನ್ನು ಬಲ್ಲವರೇ ಇರಬೇಕು.

ಅಲ್ಲಿ ತಯಾರಾಗುವುದು ಬೆಳಕು. ಒದ್ದೆ ಕೊಡೆಯನ್ನು ಗರಗರನೆ ತಿರುಗಿಸಿದರೆ ಅಂಚಿನಿಂದ ಹನಿಗಳು ಸಿಡಿಯುತ್ತವಷ್ಟೆ. ಬೆಳಕಿನ ವೇಗಕ್ಕೆ ಹತ್ತಿರವಾಗಿ ಓಡುವ ಎಲೆಕ್ಟ್ರಾನುಗಳನ್ನು ಅಯಸ್ಕಾಂತಗಳಿಂದ ಬಾಗಿಸಿದಾಗಲೂ ಅವು ಹಾಗೆಯೇ ಬೆಳಕನ್ನು ಚೆಲ್ಲುತ್ತವೆ. 1947ರಲ್ಲಿ ಅಮೆರಿಕದ ಸ್ಕೆನೆಕ್ಟಡಿಯಲ್ಲಿ, ಸಿಂಕ್ರೊಟ್ರಾನ್ ಎಂಬ ಯಂತ್ರದಲ್ಲಿ ಈ ಬೆಳಕು ಮೊದಲು ಕಣ್ಣಿಗೆ ಬಿತ್ತು. ಕಣಗಳನ್ನು ಅರಸುತ್ತಿದ್ದವರ ಪಾಲಿಗೆ ಅದು ಬರೀ ಸೋರಿಕೆ, ಶಕ್ತಿಯ ನಷ್ಟ. ಆ ನಷ್ಟವನ್ನೇ ಬೇಡಿ ಬಂದವರು ಬೇರೆಯವರು: ಲೋಹವನ್ನು, ಔಷಧವನ್ನು, ಜೀವಕೋಶವನ್ನು ಅಣುಅಣುವಾಗಿ ಓದಬೇಕಾದವರು. ಮುಂದೆ ಅವರಿಗಾಗಿಯೇ ಯಂತ್ರಗಳು ಹುಟ್ಟಿದವು. ಬರ್ಲಿನ್ನಿನ ಬೆಸ್ಸಿ ಅವುಗಳಲ್ಲೊಂದು.

1999ರಲ್ಲಿ ಬೆಸ್ಸಿ ನಿಂತಿತು. ಅದಕ್ಕೆ ಎರಡು ವರ್ಷ ಮೊದಲೇ ಹರ್ಮನ್ ವಿನಿಕ್ ಮತ್ತು ಗುಸ್ಟಾವ್ ಆಡಾಲ್ಫ್ ಫಾಸ್ ಎಂಬ ವಿಜ್ಞಾನಿಗಳು, ಇದನ್ನು ಗುಜರಿಗೆ ಹಾಕುವ ಬದಲು ಮಧ್ಯಪ್ರಾಚ್ಯಕ್ಕೆ ಕೊಡಬಾರದೇಕೆ ಎಂದು ಕೇಳಿದ್ದರು. ಜರ್ಮನಿ ಒಪ್ಪಿತು, ಯುನೆಸ್ಕೊ ನೆರಳಾಯಿತು, 2002ರಲ್ಲಿ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಜೋರ್ಡಾನಿಗೆ ಬಂದವು. ಆದರೆ 80 ಕೋಟಿ ಎಲೆಕ್ಟ್ರಾನ್ ವೋಲ್ಟಿನ ಹಳೆಯ ಯಂತ್ರ ಹೊಸ ಕಾಲಕ್ಕೆ ಸಾಲದಾಗಿತ್ತು. ಅದನ್ನು ಎಲೆಕ್ಟ್ರಾನುಗಳಿಗೆ ಮೊದಲ ವೇಗ ಕೊಡುವ ಕೆಲಸಕ್ಕಿಟ್ಟುಕೊಂಡು, 250 ಕೋಟಿ ವೋಲ್ಟಿನ, 133 ಮೀಟರ್ ಸುತ್ತಳತೆಯ ಹೊಸ ವರ್ತುಲವನ್ನೇ ಕಟ್ಟಲು ನಿಶ್ಚಯಿಸಿದರು. ದಾನದ ಹಸುವಿಗೆ ಹಲ್ಲು ನೋಡಬಾರದೆನ್ನುತ್ತಾರೆ. ಇವರು ನೋಡಿದರು, ನೋಡಿದ್ದು ಒಳ್ಳೆಯದಾಯಿತು.

ಕಟ್ಟಲು ಕೂತವರು ಯಾರೆಂಬುದನ್ನು ನೆನೆಯಬೇಕು. ಇರಾನ್ ಮತ್ತು ಇಸ್ರೇಲ್, ಟರ್ಕಿ ಮತ್ತು ಸೈಪ್ರಸ್, ಪ್ಯಾಲೆಸ್ಟೀನ್, ಈಜಿಪ್ಟ್, ಪಾಕಿಸ್ತಾನ, ಜೋರ್ಡಾನ್: ಒಬ್ಬರ ಅಸ್ತಿತ್ವವನ್ನು ಇನ್ನೊಬ್ಬರು ಒಪ್ಪದ ಸರಕಾರಗಳೂ ಇವುಗಳಲ್ಲಿ ಇದ್ದವು. ನಿರ್ಬಂಧಗಳ ದೆಸೆಯಿಂದ ಇರಾನಿಗೆ ತನ್ನ ವಂತಿಗೆಯನ್ನು ಕಳುಹಿಸುವುದೇ ದುಸ್ತರವಾಯಿತು. ಈ ಕಾರ್ಯದಲ್ಲಿ ಇರಾನಿನ ಪರವಾಗಿ ತೊಡಗಿದ್ದ ಮಸೂದ್ ಅಲಿಮೊಹಮ್ಮದಿ, ಮಜೀದ್ ಶಹರಿಯಾರಿ ಇಬ್ಬರೂ 2010ರಲ್ಲಿ ಟೆಹರಾನಿನಲ್ಲಿ ಬಾಂಬಿಗೆ ಬಲಿಯಾದರು. 2013ರ ಡಿಸೆಂಬರಿನಲ್ಲಿ ಹಿಮದ ಭಾರಕ್ಕೆ ಕಟ್ಟಡದ ಸೂರೇ ಕುಸಿಯಿತು. ಆದರೂ ಸಭೆಗಳು ನಡೆಯುತ್ತಲೇ ಇದ್ದವು. 2017ರ ಮೇ ತಿಂಗಳಲ್ಲಿ ಕೇಂದ್ರದ ಉದ್ಘಾಟನೆಯಾಯಿತು.

ಅಂದು ಪತ್ರಿಕೆಗಳು ಶಾಂತಿಯ ಮಾತನ್ನು ಬಹಳವಾಗಿ ಆಡಿದವು. ನನಗೆ ಆ ಮಾತು ತುಸು ಭಾರವೆನಿಸುತ್ತದೆ. ಯಂತ್ರವೊಂದು ಯುದ್ಧಗಳನ್ನು ನಿಲ್ಲಿಸಲಿಲ್ಲ. ನಿಲ್ಲಿಸೀತೆಂದು ಅದನ್ನು ಕಟ್ಟಿದವರೂ ನಂಬಿದ್ದಿರಲಾರರು. ನಾನು ದೊಡ್ಡದೆಂದು ಎಣಿಸುವುದು ಬೇರೊಂದನ್ನು. ಕೈರೋದ ತರುಣಿಯೊಬ್ಬಳು ತನ್ನ ಮಣ್ಣಿನ ಮಾದರಿಯನ್ನು ಪರೀಕ್ಷಿಸಲು ಯೂರೋಪಿನ ಯಾವುದೋ ವರ್ತುಲದಲ್ಲಿ ಸರದಿಗಾಗಿ ಕಾಯಬೇಕಾಗಿದ್ದ, ಹೋದವಳು ಅಲ್ಲಿಯೇ ಉಳಿದುಬಿಡಬಹುದಾಗಿದ್ದ ಕಾಲ ಹೋಗಿ, ಆ ಕೆಲಸ ನೆರೆನಾಡಿನಲ್ಲೇ ಆಗುವಂತಾಯಿತು.

ಇಂಥ ಕೇಂದ್ರ ಬೆಳೆಯುವುದು ವರ್ತುಲ ದೊಡ್ಡದಾಗಿ ಅಲ್ಲ, ಬಾಗಿಲುಗಳು ಹೆಚ್ಚಾಗಿ. ವರ್ತುಲದಿಂದ ಬೆಳಕನ್ನು ಪ್ರಯೋಗದ ಮೇಜಿಗೆ ತರುವ ಒಂದೊಂದು ಕಿರಣಮಾರ್ಗವೂ ಒಂದೊಂದು ಬಾಗಿಲು. 2018ರಲ್ಲಿ ಮೊದಲ ಸಂಶೋಧಕರು ಬಂದಾಗ ಇದ್ದವು ಎರಡೇ. ಮೂರನೆಯದಕ್ಕೆ ಸ್ವಿಟ್ಜರ್ಲೆಂಡಿನ ಉಪಕರಣಗಳು ಬಂದವು. ನಾಲ್ಕನೆಯದನ್ನು ಜರ್ಮನಿಯ ಸಂಸ್ಥೆಗಳು ಕಟ್ಟಿಕೊಟ್ಟವು. 2023ರಲ್ಲಿ ಐದನೆಯದು ಯೂರೋಪಿನ ನೆರವಿನಿಂದ ತೆರೆಯಿತು. ಈ ಐದನೆಯದರಲ್ಲಿ ಮೂಳೆಯನ್ನಾಗಲಿ ಮಡಕೆಯನ್ನಾಗಲಿ ಒಡೆಯದೆ ಅದರ ಒಳಗನ್ನು ನೋಡಬಹುದು. ಹಳೆಯ ನಾಗರಿಕತೆಗಳ ಆ ನೆಲದಲ್ಲಿ ಪುರಾತತ್ವಜ್ಞರಿಗೆ ಇದಕ್ಕಿಂತ ಬೇಕಾದದ್ದಿಲ್ಲ. ವಿದ್ಯುತ್ತಿನ ಬಿಲ್ಲೇ ಕೇಂದ್ರವನ್ನು ಮುಳುಗಿಸುವಂತಿದ್ದಾಗ, 2019ರಲ್ಲಿ ಸೌರ ವಿದ್ಯುತ್ ಸ್ಥಾವರ ಸಿದ್ಧವಾಗಿ, ಹಗಲಿನ ಬಿಸಿಲೇ ವರ್ತುಲದ ವೆಚ್ಚಕ್ಕೆ ಒದಗಿತು. ವರ್ತುಲದ ಸುತ್ತ ಇಪ್ಪತ್ತಕ್ಕೂ ಹೆಚ್ಚು ಕಿರಣಮಾರ್ಗಗಳಿಗೆ ಜಾಗವಿದೆ. ಬಹುಪಾಲು ಇನ್ನೂ ಖಾಲಿ.