ಸಿಂಹದ ಎಂಜಲು ತಿನ್ನೋದು ಯಾರು?

ಕತ್ತೆಕಿರುಬಕ್ಕೆ ಒಳ್ಳೆಯ ಹೆಸರು ಯಾವ ಕಾಲದಲ್ಲೂ ಇದ್ದ ಹಾಗಿಲ್ಲ. ಸಿಂಹ ಅಂದ್ರೆ ರಾಜ. ನರಿಗೂ ಬುದ್ಧಿವಂತ ಅನ್ನೋ ಬಿರುದಾದರೂ ಇದೆ. ಇದಕ್ಕೆ ಮಾತ್ರ ಹೇಡಿ, ಹೆಣ ತಿನ್ನೋದು, ಎಂಜಲುಬಡುಕ... ಸಾಲದು ಅಂತ ಹೆಸರಿಗೂ ಒಂದು ಕತ್ತೆಯನ್ನು ಅಂಟಿಸಿಬಿಟ್ಟಿದ್ದೇವೆ! ಸಿಂಹ ಬೇಟೆಯ ಮುಂದೆ ಕೂತು ತಿನ್ನುತ್ತಾ ಇರುತ್ತೆ, ಸುತ್ತ ಏಳೆಂಟು ಕತ್ತೆಕಿರುಬಗಳು ಕಾಯುತ್ತಾ ನಿಂತಿರುತ್ತವೆ. ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಕೊಂದಿದ್ದು ಯಾರು ಅಂತ ಕೇಳಿದರೆ ಯಾರಾದರೂ ಸಿಂಹ ಅಂತಲೇ ಹೇಳೋದು.

ಈ ಉತ್ತರವನ್ನು ಪರೀಕ್ಷಿಸಿದವನು ಹಾನ್ಸ್ ಕ್ರೂಕ್ ಅನ್ನೋ ಡಚ್ ವಿಜ್ಞಾನಿ. ಮುಂದೆ 1973ರಲ್ಲಿ ನೊಬೆಲ್ ಪಡೆದ ನಿಕೊ ಟಿನ್‌ಬರ್ಗನ್ ಅವರ ಶಿಷ್ಯ. 1964ರಲ್ಲಿ ಟಾಂಜಾನಿಯಾದ ಸೆರೆಂಗೆಟಿಗೆ ಬಂದ. ಆಫ್ರಿಕಾದಲ್ಲಿ ಆಗ ಚುಕ್ಕೆ ಕತ್ತೆಕಿರುಬ ಅಂದ್ರೆ ಕಂಡಲ್ಲಿ ಗುಂಡು ಹೊಡೆಯಬಹುದಾದ ಪೀಡೆ. 1930ರ ದಶಕದಲ್ಲಿ ಅಲ್ಲಿ ಬೇಟೆಗೆ ಹೋಗಿದ್ದ ಹೆಮಿಂಗ್ವೇ, ಗುಂಡೇಟು ತಿಂದ ಕತ್ತೆಕಿರುಬ ಒದ್ದಾಡೋದನ್ನು ತಮಾಷೆ ಅನ್ನೋ ಹಾಗೆ ಬರೆದಿದ್ದಾನೆ. ದೊಡ್ಡ ಲೇಖಕನೇ ಇರಬಹುದು, ನನಗಂತೂ ಅದನ್ನು ಓದಿ ನಗು ಬರಲಿಲ್ಲ.

ಕ್ರೂಕ್ ಮಾಡಿದ್ದು ಸರಳ ಕೆಲಸ. ರಾತ್ರಿ ಮಲಗಲಿಲ್ಲ! ಬೆಳದಿಂಗಳಲ್ಲಿ, ದೀಪ ಆರಿಸಿದ ಲ್ಯಾಂಡ್‌ರೋವರ್‌ನಲ್ಲಿ ಕತ್ತೆಕಿರುಬಗಳ ಹಿಂದೆ ಸುತ್ತಿದ. ಗೊರೊಂಗೊರೊ ಕುಳಿಯಲ್ಲಿ ಅವನಿಗೆ ಕಂಡಿದ್ದು ಇದು: ಕತ್ತಲಾದ ಮೇಲೆ ಕತ್ತೆಕಿರುಬಗಳೇ ಗುಂಪು ಕಟ್ಟಿ ಜೀಬ್ರಾ, ವೈಲ್ಡ್‌ಬೀಸ್ಟ್‌ಗಳನ್ನು ಓಡಿಸಿಕೊಂಡು ಹೋಗಿ ಕೊಲ್ಲುತ್ತವೆ. ಅವುಗಳ ಗಲಾಟೆ ಕೇಳಿಸಿಕೊಂಡು ಸಿಂಹ ಬರುತ್ತೆ, ಓಡಿಸುತ್ತೆ, ಕೂತು ತಿನ್ನುತ್ತೆ. ಬೆಳಿಗ್ಗೆ ತಿಂಡಿ ಮುಗಿಸಿ ಬರೋ ಪ್ರವಾಸಿಗೆ ಕಾಣೋದು ಕೊನೆಯ ದೃಶ್ಯ ಮಾತ್ರ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಲಾಗ್ ಫೈಲಿನ ಕೊನೇ ಸಾಲು ಓದಿ ತೀರ್ಪು ಕೊಟ್ಟ ಹಾಗೆ. (ಸೆರೆಂಗೆಟಿ ಬಯಲಲ್ಲಿ ಇವು ಸತ್ತ ಪ್ರಾಣಿಗಳನ್ನೂ ಸಾಕಷ್ಟು ತಿನ್ನುತ್ತಿದ್ದವು. ಅದನ್ನೂ ಕ್ರೂಕ್ ಮುಚ್ಚಿಡಲಿಲ್ಲ.) ಇವತ್ತಿಗೂ ಸಿಂಹಗಳ ಗಣತಿಗೆ ಹೋದವರು ಕತ್ತೆಕಿರುಬದ ಕೂಗನ್ನು ಸ್ಪೀಕರಿನಲ್ಲಿ ಹಾಕುತ್ತಾರೆ. ಬಿಟ್ಟಿ ಊಟ ಅಂತ ಮೃಗರಾಜರು ಓಡೋಡಿ ಬರುತ್ತಾರೆ!

ಅವನ ಪುಸ್ತಕ ಬಂದಿದ್ದು 1972ರಲ್ಲಿ. ಕುಳಿಯೊಳಗೆ ಎಂಟು ಕುಲಗಳು, ಒಂದೊಂದಕ್ಕೂ ವಾಸನೆಯಿಂದ ಗುರುತು ಮಾಡಿದ ಗಡಿ. ಬೆನ್ನಟ್ಟುತ್ತಿದ್ದ ಬೇಟೆ ಗಡಿ ದಾಟಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದವಂತೆ. ದಾಟಿ ಹೋಗಿ ಕೊಂದರೆ ಪಕ್ಕದ ಕುಲದವರ ಜೊತೆ ಯುದ್ಧವೇ.

ಮುಂದಿನ ಕಥೆ ಇನ್ನೂ ಸ್ವಾರಸ್ಯ. 1988ರಿಂದ ಕೆನ್ಯಾದ ಮಾಸಾಯಿ ಮಾರಾದಲ್ಲಿ ಕೇ ಹೋಲ್‌ಕ್ಯಾಂಪ್ ಮತ್ತು ಅವರ ತಂಡ ತಲೆಮಾರುಗಳ ಲೆಕ್ಕ ಇಟ್ಟರು. ಕುಲದಲ್ಲಿ ಹೆಣ್ಣುಗಳದ್ದೇ ಯಜಮಾನಿಕೆ. ಮರಿಗೆ ಸಿಗೋದು ತಾಯಿಯ ಸ್ಥಾನದ ಕೆಳಗಿನ ಸ್ಥಾನ. ರಾಣಿಯ ಮರಿ ದೊಡ್ಡವರನ್ನೂ ಎಬ್ಬಿಸಿ ತಿನ್ನುತ್ತೆ. ಗಂಡು ಬೆಳೆದ ಮೇಲೆ ಹುಟ್ಟಿದ ಕುಲ ಬಿಟ್ಟು ಬೇರೆ ಕಡೆ ಹೋಗಿ, ಅಲ್ಲಿ ಸಾಲಿನ ಕೊನೆಯಲ್ಲಿ ನಿಲ್ಲುತ್ತೆ. ಥೇಟ್ ಮನೆ ಅಳಿಯ. ಇನ್ನು ಆ ಕುಖ್ಯಾತ 'ನಗು'? ಅದು ನಗುವೇ ಅಲ್ಲ. ಬಲಶಾಲಿಯ ಕೈಗೆ ಸಿಕ್ಕ, ಊಟ ಕಿತ್ತುಕೊಳ್ಳಲ್ಪಡುತ್ತಿರೋ ಪ್ರಾಣಿಯ ತಳಮಳ.

ಇದು ಗಂಡೂ ಹೌದು ಹೆಣ್ಣೂ ಹೌದು ಅನ್ನೋ ಹಳೇ ಪುಕಾರನ್ನು ಅರಿಸ್ಟಾಟಲ್ಲೇ ಸುಳ್ಳು ಅಂದಿದ್ದ. ಅವನು ಹೇಳಿದ್ದು ಪಟ್ಟೆ ಕತ್ತೆಕಿರುಬದ ವಿಷಯ, ಬಾಲದ ಕೆಳಗಿನ ಚೀಲ ಜನರನ್ನು ದಾರಿ ತಪ್ಪಿಸಿತ್ತು. ಚುಕ್ಕೆಯದರಲ್ಲಿ ಮಾತ್ರ ಹೆಣ್ಣಿನ ಅಂಗ ಗಂಡಿನದರ ಹಾಗೆಯೇ ಉದ್ದ. ಮರಿ ಹುಟ್ಟೋದೂ ಅದರ ಮೂಲಕವೇ, ಹಾಗಾಗಿ ಚೊಚ್ಚಲ ಹೆರಿಗೆಯಲ್ಲಿ ಮರಿಗಳು ಸಾಯೋದು ಹೆಚ್ಚು. ಅದು ನಿಜವಾಗಿ ಹೆಣ್ಣೇ ಅಂತ ಮಾರಿಸನ್ ವಾಟ್ಸನ್ 1877ರಲ್ಲೇ ಕೊಯ್ದು ನೋಡಿ ವಿವರಿಸಿದ್ದ. ಪುಕಾರು ಮಾತ್ರ ನಿಲ್ಲಲಿಲ್ಲ.

1994ರ 'ಲಯನ್ ಕಿಂಗ್' ಸಿನಿಮಾಕ್ಕೆ ಚಿತ್ರ ಬರೆಯೋರು ಬರ್ಕ್ಲಿಯಲ್ಲಿ ಸಾಕಿದ್ದ ಕತ್ತೆಕಿರುಬಗಳನ್ನು ನೋಡಿಕೊಂಡು ಬಂದಿದ್ದರು. ಅಷ್ಟಾದರೂ ತೆರೆಯ ಮೇಲೆ ಬಂದಿದ್ದು ಅದೇ ಪೆದ್ದ ಖಳರು. ಒಂದು ಮಾತ್ರ ಸರಿಯಾಯ್ತು, ಆ ಮೂವರ ಮುಂದಾಳು ಶೆಂಜಿ ಹೆಣ್ಣು!

ಅಂದ ಹಾಗೆ, ನಮ್ಮ ಕೊಪ್ಪಳ, ಬಳ್ಳಾರಿ ಕಡೆಯ ಕಲ್ಲುಗುಡ್ಡಗಳಲ್ಲಿರೋದು ಪಟ್ಟೆಯದು. ಇದಕ್ಕೆ ಅಂಥ ದೊಡ್ಡ ಕುಲ ಇಲ್ಲ, ರಾತ್ರಿ ಹೆಚ್ಚಾಗಿ ಒಂಟಿಯಾಗಿ ಓಡಾಡುತ್ತೆ. ಸತ್ತ ದನ, ಮೂಳೆ, ಹಣ್ಣು, ಸಣ್ಣಪುಟ್ಟ ಪ್ರಾಣಿ ತಿಂದುಕೊಂಡಿರುತ್ತೆ. ಹೆಣ ತಿನ್ನೋದು ಅನ್ನೋ ಮಾತು ಇದಕ್ಕಾದರೆ ನಿಜವೇ. ಅದಕ್ಕೇ, ತೋಳಕ್ಕೋ ಚಿರತೆಗೋ ಅಂತ ಯಾರಾದರೂ ಸತ್ತ ಕುರಿಗೆ ವಿಷ ಹಾಕಿಟ್ಟರೆ ತಿಂದು ಸಾಯೋದು ಇದು.