ಹಳೆಯ ಕಂದೀಲಿಗೆ ಬೆಲೆ ಎಷ್ಟು?

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದಲ್ಲಿ ಪ್ರತಿ ವರ್ಷ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡುತ್ತದೆ. ನಾಟಕ ಕಂಪನಿಗಳು ವಾರಗಟ್ಟಲೆ ಇಲ್ಲಿ ಬೀಡು ಬಿಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ವಿದ್ಯುತ್ ಬರುವ ಮೊದಲು ಇಂಥ ಜಾತ್ರೆಗಳ ರಂಗಸ್ಥಳವನ್ನು ಬೆಳಗಿದ್ದು ಗ್ಯಾಸ್ ಬತ್ತಿ. ನಾಟಕಕ್ಕೆ ಬಂದವರ ಚಕ್ಕಡಿಯ ಕೆಳಗೆ ತೂಗಾಡಿದ್ದು ಕಂದೀಲು.

ಗುಡಿಯೆದುರು ಹರಿದ್ರಾ ತೀರ್ಥದ ದಂಡೆಯ ಮೇಲಿರುವ ಕಲ್ಲಿನ ದೀಪಗೋಪುರ ಇದ್ದಲ್ಲೇ ಇದೆ. ಅದನ್ನು ಯಾರೂ ಮಾರುವಂತಿಲ್ಲ. ಅಟ್ಟ ಸೇರಿದ ಕಂದೀಲು, ಗ್ಯಾಸ್ ಬತ್ತಿ, ಹಿತ್ತಾಳೆಯ ಸಮೆಗಳ ಪಾಡು ಬೇರೆ. ಅವು ಒಂದೊಂದಾಗಿ ಗುಜರಿಯವನ ತಕ್ಕಡಿ ಏರುತ್ತಿವೆ. ಕಿಲೋ ಲೆಕ್ಕದಲ್ಲಿ ಹೋಗುವ ಈ ದೀಪಗಳಿಗೆ ಇನ್ನೊಂದು ಬೆಲೆಯೂ ಇದೆ ಎಂಬುದು ಮಾರುವವರಿಗೆ ತಿಳಿದಿರುವುದಿಲ್ಲ. ಕೊಳ್ಳುವವನಿಗೆ ಮಾತ್ರ ಚೆನ್ನಾಗಿ ತಿಳಿದಿರುತ್ತದೆ.

ಹಿಂದಿನ ಕಾಲದಲ್ಲಿ ದೀಪದ ಬೆಲೆ ಇದ್ದದ್ದು ಎಣ್ಣೆಯಲ್ಲಿ. ನಂದಾದೀವಿಗೆಗೆ ದಾನ ಕೊಟ್ಟವರ ಶಾಸನಗಳನ್ನು ನೋಡಿ. ದೀಪ ಎಂದೂ ಆರದಂತೆ ಗಾಣದ ಎಣ್ಣೆಯನ್ನೋ ಹೊನ್ನನ್ನೋ ಭೂಮಿಯನ್ನೋ ಬಿಟ್ಟುಕೊಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೀಮೆಎಣ್ಣೆ ಬಂದ ಮೇಲೆ ಲೆಕ್ಕ ಬದಲಾಯಿತು. ಹಣತೆಗೆ ಒಂದು ಬಟ್ಟಲು ಸಾಕಿತ್ತು. ಸೀಮೆಎಣ್ಣೆ ದೀಪಕ್ಕೆ ಗಾಜು, ಬರ್ನರ್, ಬತ್ತಿ ಏರಿಸುವ ತಿರುಪು ಎಲ್ಲ ಬೇಕು. ದೀಪ ಕಾರ್ಖಾನೆಯ ಸರಕಾಯಿತು, ಅದರ ಮೈಮೇಲೆ ಕಂಪನಿಯ ಹೆಸರು ಬಂತು. ಇಂದು ಸಂಗ್ರಾಹಕರು ಮೊದಲು ಹುಡುಕುವುದು ಆ ಹೆಸರನ್ನೇ.

ಅಮೆರಿಕದ ಡೀಟ್ಜ್, ಜರ್ಮನಿಯ ಫಾಯರ್‌ಹ್ಯಾಂಡ್ ಹೆಸರುವಾಸಿ ಕಂದೀಲುಗಳು. ಆದರೆ ನಮ್ಮ ಭಾಗಕ್ಕೆ ಹತ್ತಿರದ್ದು ಸಾತಾರಾ ಜಿಲ್ಲೆಯ ಕರಾಡ ಬಳಿಯ ಓಗಲೆವಾಡಿಯದು. ಅಲ್ಲಿ 1916ರಲ್ಲಿ ಓಗಲೆ ಸೋದರರು ಗಾಜಿನ ಕಾರ್ಖಾನೆ ತೆರೆದರು. ಮುಂದೆ ಅವರ ‘ಪ್ರಭಾಕರ’ ಕಂದೀಲು ವಿದೇಶಿ ಕಂದೀಲುಗಳಿಗೆ ಸಡ್ಡು ಹೊಡೆಯಿತು. ಆಗ ಬಾದಾಮಿ ತಾಲ್ಲೂಕೂ ಸಾತಾರೆಯೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಸ್ವದೇಶಿ ಚಳವಳಿಯ ಕಾಲದ ಈ ಕಂದೀಲನ್ನು ಜರ್ಮನ್ ಮಾಲಿಗಿಂತ ಕಡಿಮೆ ಎಂದು ಎಣಿಸುವುದು ನನ್ನ ಮಟ್ಟಿಗೆ ತಪ್ಪು. ನಮ್ಮ ಚರಿತ್ರೆಗೆ ಹತ್ತಿರವಾದದ್ದು ಇದೇ.

ಗ್ಯಾಸ್ ಬತ್ತಿಯ ಮೂಲ ಬರ್ಲಿನ್. ಅಲ್ಲಿನ ಏರಿಶ್ ಅಂಡ್ ಗ್ರೆಟ್ಜ್ ಕಂಪನಿ 1910ರ ಸುಮಾರಿಗೆ ತಂದ ದೀಪಕ್ಕೆ ‘ಪೆಟ್ರೊಮ್ಯಾಕ್ಸ್’ ಎಂದು ಹೆಸರಿಟ್ಟಿತು. ಮ್ಯಾಕ್ಸ್ ಎಂಬುದು ಒಡೆಯ ಮ್ಯಾಕ್ಸ್ ಗ್ರೆಟ್ಜ್‌ನ ಹೆಸರು. ನಮ್ಮಲ್ಲಿ ಯಾವ ಕಂಪನಿಯ ದೀಪವಾದರೂ ಪೆಟ್ರೊಮ್ಯಾಕ್ಸೇ ಆದ್ದರಿಂದ, ಬಾಯಿಮಾತಿನ ಹೆಸರನ್ನು ನಂಬಿ ಬೆಲೆ ಹೇಳಬಾರದು. ಟಾಕಿಯ ಮೇಲಿನ ಅಚ್ಚು ನೋಡಬೇಕು. ‘ವೆಸ್ಟ್ ಜರ್ಮನಿ’ ಎಂದಿದ್ದರೆ ಅದು 1949ರ ನಂತರದ್ದು. ಅಜ್ಜನ ಮದುವೆಗೆ 1930ರಲ್ಲಿ ತಂದದ್ದೆಂದು ಮನೆಯವರು ಎಷ್ಟೇ ಆಣೆ ಮಾಡಿದರೂ ಸರಿಯೇ!

ಹೆಸರಾದ ಮೇಲೆ ಬಿಡಿಭಾಗಗಳ ಸರದಿ. ಗಾಜು, ಪಂಪು, ಬರ್ನರ್ ಮೂಲದವೇ ಇದ್ದರೆ ಬೆಲೆ ಏರುತ್ತದೆ. ಟಾಕಿಗೆ ಬೆಸುಗೆ ಹಾಕಿದ್ದರೆ ಇಳಿಯುತ್ತದೆ. ಕರೆಂಟಿನ ಬಲ್ಬು ಕೂಡಿಸಲೆಂದು ತೂತು ಕೊರೆದಿದ್ದರಂತೂ ಅದು ಬರೀ ಅಲಂಕಾರದ ಸಾಮಾನು.

ಹಿತ್ತಾಳೆ ಸಮೆಯ ಪರೀಕ್ಷೆ ಇನ್ನೂ ಸೂಕ್ಷ್ಮ. ‘ಆಂಟಿಕ್’ ಎಂದು ಬಿಕರಿಯಾಗುವ ಎಷ್ಟೋ ದೀಪಗಳು ಮೊರಾದಾಬಾದಿನಂಥ ಊರುಗಳಲ್ಲಿ ಹೊಸದಾಗಿ ಎರಕಗೊಂಡು, ಆಮ್ಲದಲ್ಲಿ ಅದ್ದಿ ಕಪ್ಪಾದವು. ಆಮ್ಲದ ಕಪ್ಪು ಮೈತುಂಬ ಒಂದೇ ಸಮ ಇರುತ್ತದೆ. ನಿಜವಾಗಿ ಹಳೆಯದಾದರೆ ಕೈ ಹಿಡಿಯುವ ಜಾಗ, ಬತ್ತಿ ಇಡುವ ಮೂಲೆ ಸವೆದಿರುತ್ತವೆ. ಕೆತ್ತನೆಯ ಸಂದಿಯಲ್ಲಿ ಎಣ್ಣೆಯ ಜಿಗುಟು ಗಟ್ಟಿಯಾಗಿರುತ್ತದೆ. ಮಾರುವ ಮುಂಚೆ ಹುಣಸೆಹಣ್ಣು ಹಚ್ಚಿ ಥಳಥಳ ಹೊಳೆಯಿಸುವವರು ಈ ಸಾಕ್ಷಿಯನ್ನೇ ತೊಳೆದುಹಾಕುತ್ತಾರೆ. ನಮ್ಮ ಮನೆಗಳಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಸುವ ರೂಢಿಯುಂಟು. ದೀಪದ ಬುಡದಲ್ಲಿ ಅಂಥ ಹೆಸರೋ ಇಸವಿಯೋ ಇದ್ದರೆ ಗುಜರಿಯವನಿಗೆ ಅದೊಂದು ಗೀರು. ಅರಿತವನಿಗೆ ಅದು ದೀಪದ ಜಾತಕ. ಅದನ್ನು ಉಜ್ಜಿ ಅಳಿಸಬಾರದು.

ಪುಣೆಯ ದಿನಕರ ಕೇಳಕರ್ (1896–1990) ಕಟ್ಟಿದ ವಸ್ತುಸಂಗ್ರಹಾಲಯದಲ್ಲಿ ದೀಪಗಳದೇ ಒಂದು ದೊಡ್ಡ ಸಂಗ್ರಹವಿದೆ. ಅಲ್ಲಿ ಗೌರವದಿಂದ ನಿಂತಿರುವ ಬಹುಪಾಲು ದೀಪಗಳು ಸಾಮಾನ್ಯ ಮನೆಗಳಲ್ಲಿ ಉರಿದಂಥವೇ.

ಕಾನೂನಿನ ಮಾತೂ ಇದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ಚಾರಿತ್ರಿಕ ಮಹತ್ವವಿದ್ದು 100 ವರ್ಷ ದಾಟಿದ ವಸ್ತು ‘ಪ್ರಾಚೀನ ವಸ್ತು’. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಇನ್ನು ‘ಇದು ಗುಡಿಯ ದೀಪ’ ಎಂದು ಹೇಳಿ ಯಾರಾದರೂ ಬೆಲೆ ಏರಿಸಿದರೆ, ಅದು ಗುಡಿಯಿಂದ ಹೊರಬಿದ್ದದ್ದು ಹೇಗೆ ಎಂದು ಮೊದಲು ಕೇಳಬೇಕು.