ತುದಿಗಾಲ ನಡಿಗೆ
ಮಗು ಹಿಮ್ಮಡಿಯನ್ನು ನೆಲಕ್ಕೆ ಊರದೆ ಪಾದದ ಮುಂಭಾಗದ ಮೇಲೆ ನಡೆಯುವುದು. ನಡಿಗೆ ಕಲಿಯುವಾಗ ಇದು ಸಾಮಾನ್ಯ. 3 ವರ್ಷದ ನಂತರವೂ ಮುಂದುವರಿದರೆ, ಒಂದೇ ಕಾಲಲ್ಲಿದ್ದರೆ, ಅಥವಾ ಚೆನ್ನಾಗಿ ನಡೆಯುತ್ತಿದ್ದ ಮಗುವಿನಲ್ಲಿ ಹೊಸದಾಗಿ ಕಂಡರೆ ವೈದ್ಯರಿಗೆ ತೋರಿಸಬೇಕು. ಮಿದುಳು ವಾತ (ಸೆರೆಬ್ರಲ್ ಪಾಲ್ಸಿ), ಸ್ನಾಯುಕ್ಷಯ, ಆಟಿಸಂ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೇರೆ ಕಾರಣ ಕಾಣದಿದ್ದರೆ ಅದು ರೂಢಿಯ ತುದಿಗಾಲ ನಡಿಗೆ.

ಚಿಕಿತ್ಸೆ: ಪಾದ ಸಲೀಸಾಗಿ ಮೇಲಕ್ಕೆ ಬಾಗುತ್ತಿದ್ದರೆ ಕಾದು ನೋಡುವುದೇ ಮೊದಲ ಹೆಜ್ಜೆ. ಸ್ವೀಡನ್ನಿನ ಅಧ್ಯಯನವೊಂದರಲ್ಲಿ ರೂಢಿಯ ತುದಿಗಾಲ ನಡಿಗೆಯ ಮಕ್ಕಳ ಪೈಕಿ ಶೇ 79ರಷ್ಟು ಮಂದಿ 10 ವರ್ಷ ವಯಸ್ಸಿನೊಳಗೆ ಈ ನಡಿಗೆ ಬಿಟ್ಟಿದ್ದರು. ಮೀನಖಂಡ ಬಿಗಿದಿದ್ದರೆ ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು ನೇರವಾಗಿಟ್ಟು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ಮೊಣಕಾಲಿನತ್ತ ನಿಧಾನವಾಗಿ ಬಾಗಿಸಿ ಸುಮಾರು 30 ಸೆಕೆಂಡು ಹಿಡಿಯುತ್ತಾರೆ, ನೋವಾಗಬಾರದು. ಸಾಲದಿದ್ದರೆ ಪಾದವನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಪಾದಪಟ್ಟಿ, ಅಥವಾ ವಾರ–ಎರಡು ವಾರಕ್ಕೊಮ್ಮೆ ಬದಲಿಸುವ ಪ್ಲಾಸ್ಟರ್ ಕಟ್ಟು. ಪ್ಲಾಸ್ಟರ್ ಜತೆ ಸ್ನಾಯು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದು ಸೇರಿಸಿದರೆ ಹೆಚ್ಚಿನ ಲಾಭವಿಲ್ಲವೆಂದು 2013ರ ಸ್ವೀಡಿಷ್ ಪ್ರಯೋಗ ತೋರಿಸಿತು.

ಸ್ಥಳೀಯ ಸೌಲಭ್ಯ: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ 2 ಬಾರಿ ತಪಾಸಣೆ ನಿಗದಿಯಾಗಿದೆ. ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದಂಥ ಊರಿನ ಪೋಷಕರು ಆಗಲೇ ಮಗುವನ್ನು ಬರಿಗಾಲಲ್ಲಿ ನಡೆಸಿ ತೋರಿಸಬಹುದು. ಮುಂದಿನ ಪರೀಕ್ಷೆಗೆ ಬೀದರ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧನಾ ಆಸ್ಪತ್ರೆ ಜಿಲ್ಲಾ ಕೇಂದ್ರದಲ್ಲಿದೆ.